ಈಚಲ ಮರದ ಕೆಳಗೆ ಈಗ ಮಜ್ಜಿಗೆಯೂ ಇಲ್ಲ

ಮೊನ್ನೆ ಶನಿವಾರ ರಾತ್ರಿ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ನಾವು ಐದು ಜನ ಗೆಳೆಯರು ಕೂತಿದ್ದೆವು. ಗಾಜಿನ ಗೋಡೆಯಾಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು ಹೊಳೆಯುತ್ತಿದ್ದವು. ಮೆನುವಿನಲ್ಲಿ ರಾಗಿ ಬಿಯರ್ ಇತ್ತು, ಅದರ ಕೆಳಗೆ ನಮ್ಮ ಮಣ್ಣು, ನಮ್ಮ ರೈತ, ನಮ್ಮ ಸೊಗಡು ಎಂದು ನಾಲ್ಕು ಸಾಲಿನ ವಿವರಣೆಯಿತ್ತು. ಬಡಿಸಲು ಬಂದ ಹುಡುಗ ಆರು ಪುಟ್ಟ ಗ್ಲಾಸುಗಳನ್ನು ಮರದ ಹಲಗೆಯ ಮೇಲೆ ಸಾಲಾಗಿ ಇಟ್ಟು, ಯಾವುದರಲ್ಲಿ ಬಾಳೆಹಣ್ಣಿನ ಪರಿಮಳ ಬರುತ್ತದೆ, ಯಾವುದರಲ್ಲಿ ಲವಂಗದ ಘಾಟು ಇದೆ ಎಂದು ಪಾಠ ಒಪ್ಪಿಸುವಂತೆ ಹೇಳಿದ. ನಾವೂ ಮೂಗು ಹತ್ತಿರ ತಂದು ಮೂಸಿ, ಹೌದೌದು ಎಂದು ತಲೆಯಾಡಿಸಿದೆವು. ಸುಳ್ಳೇಕೆ, ಚೆನ್ನಾಗಿಯೇ ಇತ್ತು.

ಮೂರನೇ ಗ್ಲಾಸಿನ ಹೊತ್ತಿಗೆ ಒಬ್ಬ ಹೇಳಿದ: "ಮಗಾ, ಇದು ನಿಮ್ಮೂರ ಕಡೆ ರಾಗಿನೇ ಇರ್ಬೇಕು. ನಾಳೆ ಅಲ್ಲಿಗೇ ಹೋಗೋಣ. ಮಧುಗಿರಿ ಬೆಟ್ಟ ಹತ್ತಿ, ಆಮೇಲೆ ನಿಮ್ಮೂರಲ್ಲಿ ಲೋಕಲ್ ಏನ್ ಸಿಗತ್ತೋ ಅದನ್ನ ಕುಡ್ಕೊಂಡು ಬರೋಣ."

ನನ್ನೂರು ಶಿರಾ ತಾಲ್ಲೂಕಿನಲ್ಲಿ, ಬರಗೂರಿನ ಪಕ್ಕದ ಒಂದು ಹಳ್ಳಿ. ಸಾಹಿತ್ಯದ ಓದುಗರಿಗೆ ಬರಗೂರು ಎಂದರೆ ಬರಗೂರು ರಾಮಚಂದ್ರಪ್ಪನವರ ಊರು. ನಮಗೆ ಅದು ಹೈಸ್ಕೂಲಿಗೂ ಬಸ್ಸಿಗೂ ನಡೆದು ಹೋಗುತ್ತಿದ್ದ ಊರು. ಅಲ್ಲಿ ಲೋಕಲ್ ಅಂತ ಏನು ಸಿಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಗುವುದು 90 ಎಂಎಲ್‌ನ ಟೆಟ್ರಾ ಪ್ಯಾಕ್ ವಿಸ್ಕಿ. ಅದನ್ನು ಆ ಮೇಜಿನ ಮುಂದೆ ಹೇಳಲಿಕ್ಕೆ ನಾಚಿಕೆಯಾಗಿ ಸುಮ್ಮನಿದ್ದೆ. ಅಂದು ಬಾಯಿಗೆ ಬರದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತಕರಾರು ಇಷ್ಟು: ಈ ರಾಜ್ಯದಲ್ಲಿ ಕುಡಿತಕ್ಕೆ ಎರಡು ಕಾನೂನು, ಎರಡು ಭಾಷೆ ಇವೆ. ಒಬ್ಬನ ಗ್ಲಾಸಿಗೆ ಕಲೆ, ಕಸುಬು, ಸ್ಥಳೀಯತೆ ಎಂಬ ಹೆಸರುಗಳೆಲ್ಲ ಸಿಗುತ್ತವೆ. ಇನ್ನೊಬ್ಬನ ಕಸುಬನ್ನು ಅಪರಾಧವೆಂದು ಮುಚ್ಚಿಸಿ, ಅವನ ಕೈಗೆ ಅತ್ಯಂತ ಕೀಳು ದರ್ಜೆಯ ಸರಕು ಕೊಟ್ಟು, ಆಮೇಲೆ ಅವನನ್ನು ಕುಡುಕ ಅನ್ನುತ್ತೇವೆ.

ಮಾರನೇ ದಿನ ಹೊರಟೆವು. ದಾಬಸ್‌ಪೇಟೆ ದಾಟಿ ಕೊರಟಗೆರೆಯ ಮೇಲೆ ಮಧುಗಿರಿ. ಏಕಶಿಲೆಯ ಆ ಬೆಟ್ಟವನ್ನು ಹತ್ತಿದವರಿಗೆ ಗೊತ್ತು, ಮೇಲಿನ ಅರ್ಧದಲ್ಲಿ ಬಂಡೆಗೆ ಕೊರೆದ ಸಣ್ಣ ಮೆಟ್ಟಿಲುಗಳಲ್ಲಿ ಕಾಲು ನಡುಗುತ್ತದೆ. ಕೋಟೆಯ ಗೋಡೆ ಕಾಣುವಷ್ಟು ಮೇಲೆ ಹೋದರೂ ಒಡೆದ ಬಿಯರ್ ಬಾಟಲಿಯ ಚೂರುಗಳು ತಪ್ಪಲಿಲ್ಲ. ಅವು ಊರವರು ಕುಡಿದು ಒಡೆದದ್ದಲ್ಲ. ಊರವನು ಎರಡು ಗಂಟೆ ಬೆಟ್ಟ ಹತ್ತಿ ಕುಡಿಯುವಷ್ಟು ಪುರುಸೊತ್ತಿನವನಲ್ಲ. ಅವು ನಮ್ಮಂಥವರದು, ವಾರಾಂತ್ಯಕ್ಕೆ ಗೆಳೆಯರೊಂದಿಗೆ ಬಂದು ಪ್ರಕೃತಿಯ ಮಡಿಲಲ್ಲಿ ಒಂದು ಫೋಟೋ ಹಾಕಿಕೊಂಡು ಹೋಗುವವರದು. ನಮ್ಮ ಗುಂಪಿನವನೊಬ್ಬ ಚೂರೊಂದನ್ನು ಎತ್ತಿ ನೋಡಿ "ಲೋಕಲ್ ಜನಕ್ಕೆ ಸಿವಿಕ್ ಸೆನ್ಸೇ ಇಲ್ಲ" ಎಂದ. ಅದರ ಮೇಲಿದ್ದ ಬ್ರ್ಯಾಂಡು ನಮ್ಮೂರಿನ ಅಂಗಡಿಯಲ್ಲಿ ಯಾವತ್ತೂ ಸಿಗುವಂಥದ್ದಲ್ಲ.

ಮಧ್ಯಾಹ್ನ ಬರಗೂರಿನ ಕಡೆಗೆ ಬಂದೆವು. ರಸ್ತೆಯ ಬದಿಯ ಬಾರಿನಲ್ಲಿ ಹಗಲು ಹೊತ್ತಿನಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕಬ್ಬಿಣದ ಜಾಲರಿಯ ಹಿಂದೆ ಕ್ಯಾಷಿಯರ್. ಜಾಲರಿಯಲ್ಲಿ ಕೈ ತೂರುವಷ್ಟೇ ಒಂದು ಕಿಂಡಿ. ಕಿಂಡಿಯಲ್ಲಿ ದುಡ್ಡು ಒಳಗೆ, ಪ್ಯಾಕು ಹೊರಗೆ. ಗೋಡೆಗೊರಗಿ ನಿಂತೇ ಪ್ಯಾಕಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದು, ಪ್ಲಾಸ್ಟಿಕ್ ಲೋಟಕ್ಕೆ ಸುರಿದು, ನೀರು ಬೆರೆಸಿಯೋ ಬೆರೆಸದೆಯೋ ಒಂದೇ ಗುಟುಕಿಗೆ ಇಳಿಸಿ, ಒಂದು ಚಿಟಿಕೆ ಉಪ್ಪಿನಕಾಯಿ ನೆಕ್ಕಿ ಹೋಗುವ ಜನ. ಅಲ್ಲಿ ಯಾರೂ ಮೂಸುವುದಿಲ್ಲ. ಮೂಸಿದರೆ ಕುಡಿಯಲಾಗುವುದಿಲ್ಲ.

ನನ್ನ ಚಿಕ್ಕಪ್ಪ ಇದೇ ಗೋಡೆಗೆ ಹತ್ತು ವರ್ಷ ಒರಗಿದವರು. ಬೆಳಿಗ್ಗೆ ಏಳಕ್ಕೆ ಮೊದಲ ಪ್ಯಾಕು. ಲಿವರ್ ಹೋಗಿ, ಹೊಟ್ಟೆಯಲ್ಲಿ ನೀರು ತುಂಬಿ, ಎರಡು ವರ್ಷದ ಹಿಂದೆ ತೀರಿಕೊಂಡರು. ನಲವತ್ತನಾಲ್ಕು ವಯಸ್ಸು. ಹಾಗಾಗಿ ಇದು ನನಗೆ ಕುಡಿತದ ಪರವಾದ ಲೇಖನವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಲೆಕ್ಕ ಸರಳ. ಟೆಟ್ರಾ ಪ್ಯಾಕಿನ ವಿಸ್ಕಿಯಲ್ಲಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. 90 ಎಂಎಲ್ ಅಂದರೆ ಸುಮಾರು 38 ಎಂಎಲ್ ಶುದ್ಧ ಆಲ್ಕೋಹಾಲ್. ಹೆಚ್ಚೆಂದರೆ ಶೇ. 4ರಿಂದ 5ರಷ್ಟು ಇರುವ ಈಚಲು ಹೆಂಡದಲ್ಲಿ ಅಷ್ಟು ಆಲ್ಕೋಹಾಲ್ ಬೇಕೆಂದರೆ ಮುಕ್ಕಾಲು ಲೀಟರಿಗೂ ಹೆಚ್ಚು ಕುಡಿಯಬೇಕು. ಮುಕ್ಕಾಲು ಲೀಟರ್ ಹೆಂಡ ಕುಡಿಯಲು ಕೂರಬೇಕು, ಮಾತಾಡಬೇಕು, ಹೊಟ್ಟೆ ತುಂಬುತ್ತದೆ. 90 ಎಂಎಲ್ ಇಳಿಸಲು ಅರ್ಧ ನಿಮಿಷ ಸಾಕು. ಹೆಸರಿಗೆ ಅದು ವಿಸ್ಕಿ. ಅದರೊಳಗಿರುವುದು ಬಹುಪಾಲು ಕಬ್ಬಿನ ಕಾಕಂಬಿಯಿಂದ ಭಟ್ಟಿ ಇಳಿಸಿದ ಸ್ಪಿರಿಟ್ಟಿಗೆ ಬಣ್ಣ, ವಾಸನೆ ಬೆರೆಸಿದ್ದು. ಅದರಲ್ಲಿ ಶಿರಾ ಇಲ್ಲ, ಪಾವಗಡ ಇಲ್ಲ, ಯಾವ ಊರೂ ಇಲ್ಲ.

ಹಾಗಾದರೆ ಮೊದಲು ಏನಿತ್ತು? ಗೆಳೆಯರನ್ನು ಊರ ಹಿಂದಿನ ಹಳ್ಳದ ದಂಡೆಗೆ ಕರೆದುಕೊಂಡು ಹೋದೆ. ಅಲ್ಲಿ ಇನ್ನೂ ಹದಿನೈದಿಪ್ಪತ್ತು ಈಚಲು ಮರಗಳಿವೆ. ಈಚಲು ಮರವನ್ನು ಗಮನವಿಟ್ಟು ನೋಡಿದ್ದೀರಾ? ಹೆಂಡ ಇಳಿಸಿದ ಮರದ ಕಾಂಡ ನೇರ ಇರುವುದಿಲ್ಲ. ಒಂದು ವರ್ಷ ಸುಳಿಯ ಬುಡದಲ್ಲಿ ಒಂದು ಮಗ್ಗುಲಿನ ಗರಿ ಸವರಿ, ಎಳೆ ಕಾಂಡವನ್ನು ಕೆತ್ತಿ, ಅಲ್ಲಿ ಗಡಿಗೆ ಕಟ್ಟುತ್ತಾರೆ. ಮರುವರ್ಷ ಮರ ಮೇಲೆ ಬೆಳೆದಿರುತ್ತದೆ, ಆಗ ಎದುರು ಮಗ್ಗುಲಿಗೆ ಕೆತ್ತುತ್ತಾರೆ. ಹೀಗೆ ಎಡಕ್ಕೊಂದು ಬಲಕ್ಕೊಂದು ಗಾಯ ಬಿದ್ದು ಮರ ಹಾವಿನ ಹಾಗೆ ಡೊಂಕಾಗಿ ಏರುತ್ತದೆ. ಗಾಯಗಳನ್ನು ಎಣಿಸಿದರೆ ಎಷ್ಟು ವರ್ಷ ಇಳಿಸಿದ್ದಾರೆ ಎಂದು ಹೇಳಬಹುದು. ಹಳ್ಳದ ದಂಡೆಯ ಮರಗಳಲ್ಲಿ ಕೊನೆಯ ಗಾಯದ ಮೇಲೆ ಆಳುದ್ದದ ಕಾಂಡ ನೇರವಾಗಿ, ನುಣ್ಣಗೆ ಬೆಳೆದಿದೆ. ಆ ನುಣ್ಣನೆಯ ಭಾಗವೇ ನಿಷೇಧದ ವಯಸ್ಸು.

ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಅಜ್ಜ ಸಿಕ್ಕಿದರು. ನಮ್ಮೂರಿನಲ್ಲಿ ಮರ ಹತ್ತುತ್ತಿದ್ದವರಲ್ಲಿ ಉಳಿದವರು ಅವರೊಬ್ಬರೇ. ನಮ್ಮ ಗೆಳೆಯರಿಗೆ ಹಿಂದಿನ ರಾತ್ರಿಯ ಹುಡುಗ ಬಿಯರ್ ಮಾಡುವ ಬಗೆ ವಿವರಿಸಿದ್ದ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಬೇಕು, ಬಿಸಿನೀರಿನಲ್ಲಿ ಕದಡಿ ಸಿಹಿ ತೆಗೆಯಬೇಕು, ಹಾಪ್ಸ್ ಹಾಕಿ ಕುದಿಸಬೇಕು, ಆರಿಸಿ ಯೀಸ್ಟ್ ಬಿಡಬೇಕು, ಉಷ್ಣಾಂಶ ಎರಡು ಡಿಗ್ರಿ ಹೆಚ್ಚುಕಡಿಮೆಯಾದರೂ ರುಚಿ ಕೆಡುತ್ತದೆ. ಅಜ್ಜ ಹೇಳಿದ್ದೂ ಅಂಥದ್ದೇ. ಕತ್ತಿಯ ಬಾಯಿ ಕೂದಲು ಸೀಳುವಷ್ಟು ಚೂಪಿರಬೇಕು, ಮೊಂಡಾದರೆ ಮರಕ್ಕೆ ನೋವು. ಕೆತ್ತುವಾಗ ಒಂದು ಕೂದಲೆಳೆ ಆಳಕ್ಕೆ ಹೋದರೆ ಮರ ಸಾಯುತ್ತದೆ. ಮೂರು ದಿನ ಇಳಿಸಿದರೆ ಮತ್ತೆ ಕೆಲವು ದಿನ ಮರಕ್ಕೆ ಬಿಡುವು ಕೊಡಬೇಕು. ಗಡಿಗೆಯ ಒಳಗೆ ಸುಣ್ಣ ಸವರಿದರೆ ಬೆಳಿಗ್ಗೆ ಸಿಹಿ ನೀರಾ, ಸವರದಿದ್ದರೆ ಹಳೇ ಗಡಿಗೆಯ ಹುಳಿಗೇ ಅದು ಹೆಂಡ. ಚಳಿಗಾಲದ್ದು ಸಿಹಿ, ಬೇಸಿಗೆಯದ್ದು ಬೇಗ ಹುಳಿ. ಬಿಸಿಲೇರುವ ಮುಂಚೆ ಇಳಿಸದಿದ್ದರೆ ಕುಡಿಯುವ ಹಾಗಿಲ್ಲ.

"ಎಷ್ಟ್ ವರ್ಷಕ್ಕೆ ಕಲಿತ್ರಿ ಅಜ್ಜಾ?" ಎಂದು ಗೆಳೆಯ ಕೇಳಿದ.

"ಕಲಿಯಾದೇನ್ ಬಂತಪ್ಪ, ನಮ್ಮಪ್ಪನ ಜೊತೆ ಹನ್ನೆರಡಕ್ಕೇ ಹತ್ತಿದ್ದೆ. ಮರ ತಿಳಿಯಾಕೆ ಇನ್ನೊಂದ್ ಹತ್ತು ವರ್ಷ ಹಿಡೀತು."

"ಈಗ ಯಾಕೆ ಇಳಿಸಲ್ಲ?"

"ಹಿಡಿದ್ರೆ ಕೇಸ್ ಹಾಕ್ತಾರೆ ಕಣಪ್ಪ. ನಮ್ದು ಕಳ್ಳ ಕಸುಬಾಗೈತೆ."

ಗೆಳೆಯರು ಮುಖಮುಖ ನೋಡಿಕೊಂಡರು. ಹಿಂದಿನ ರಾತ್ರಿ ಕ್ರಾಫ್ಟ್ ಎಂದು ನಾವು ಹಾಡಿ ಹೊಗಳಿದ್ದ ಪಾನೀಯದ ಬಾರ್ಲಿ ಉತ್ತರ ಭಾರತದ್ದೋ ಯುರೋಪಿನದ್ದೋ. ಹಾಪ್ಸ್ ಜರ್ಮನಿಯದ್ದೋ ಅಮೆರಿಕದ್ದೋ. ಯೀಸ್ಟ್ ಪೊಟ್ಟಣದಲ್ಲಿ ಬಂದದ್ದು. ರಾಗಿ ಒಂದು ಹಿಡಿ, ಹೆಸರಿಗೆ. ಅದು ಲೋಕಲ್. ಹಳ್ಳದ ದಂಡೆಯ ಮರ, ಆ ಮರದ ರಸ, ಆ ಗಾಳಿಯ ಹುಳಿ, ಪಕ್ಕದೂರ ಕುಂಬಾರನ ಗಡಿಗೆ, ಹತ್ತುವವನ ಐವತ್ತು ವರ್ಷದ ಅನುಭವ — ಇದು ಅಬಕಾರಿ ಅಪರಾಧ. ಬೆಂಗಳೂರಿನಲ್ಲಿ 2010ರ ಆಸುಪಾಸಿನಿಂದ ಮೈಕ್ರೋಬ್ರೂವರಿಗಳು ಶುರುವಾದವು. ಅದಕ್ಕೆ ಬೇಕಾದ ನಿಯಮ ಸರ್ಕಾರವೇ ಮಾಡಿಕೊಟ್ಟಿತು. ಅದಕ್ಕೂ ಮೊದಲೇ ಬಯಲುಸೀಮೆಯ ಹೆಂಡವನ್ನು ಅದೇ ಸರ್ಕಾರಿ ವ್ಯವಸ್ಥೆ ಮುಚ್ಚಿಸಿತ್ತು. ಕರಾವಳಿಗೆ ಮಾತ್ರ ವಿನಾಯಿತಿ ಉಳಿಯಿತು. ಒಂದೇ ಕಾಯ್ದೆಯ ಒಂದು ಪುಟದಲ್ಲಿ ಒಂದು ಕಸುಬು ಹುಟ್ಟಿತು, ಇನ್ನೊಂದು ಪುಟದಲ್ಲಿ ಇನ್ನೊಂದು ಸತ್ತಿತು. ಹುಟ್ಟಿದ್ದಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಕು, ಸತ್ತದ್ದಕ್ಕೆ ಒಂದು ಕತ್ತಿ, ಒಂದು ಹಗ್ಗ ಸಾಕಿತ್ತು.

ಇಲ್ಲಿ ಇತಿಹಾಸ ಬಲ್ಲವರು ನನ್ನನ್ನು ತಡೆಯಬಹುದು. ಈಚಲು ಮರದ ಮೇಲಿನ ಸಿಟ್ಟು ಇವತ್ತಿನದಲ್ಲ. ನಮ್ಮ ನೆರೆಯ ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ನಡೆದ ಸತ್ಯಾಗ್ರಹದಲ್ಲಿ ಜನ ಈಚಲು ಮರಗಳನ್ನೇ ಕಡಿದು ಉರುಳಿಸಿದರು. ಎಸ್. ನಿಜಲಿಂಗಪ್ಪನವರ ಹೆಸರು ಆ ಚಳವಳಿಯೊಂದಿಗೆ ಇಂದಿಗೂ ಜೋಡಿಕೊಂಡಿದೆ. ಆ ಜನರ ಮೇಲೆ ನನಗೆ ಗೌರವವಿದೆ. ಅವರು ಕೊಡಲಿ ಎತ್ತಿದ್ದು ಮರದ ಮೇಲಾದರೂ ಏಟು ಬೀಳಬೇಕಿದ್ದದ್ದು ಬಡವನ ಕುಡಿತದಿಂದ ಖಜಾನೆ ತುಂಬಿಸಿಕೊಳ್ಳುವ ಸರ್ಕಾರದ ಮೇಲೆ. ಆಮೇಲೆ ಬಂದ ಸಂವಿಧಾನದ 47ನೇ ವಿಧಿ ಕೂಡ ಮದ್ಯ ನಿಷೇಧವನ್ನು ರಾಜ್ಯದ ಗುರಿ ಎಂದಿತು.

ಎಂಬತ್ತೈದು ವರ್ಷದ ನಂತರ ಲೆಕ್ಕ ಹಾಕೋಣ. 2024-25ರ ಬಜೆಟ್ಟಿನಲ್ಲಿ ಕರ್ನಾಟಕದ ಅಬಕಾರಿ ಆದಾಯದ ಗುರಿ 38,525 ಕೋಟಿ ರೂಪಾಯಿ. 2025-26ಕ್ಕೆ 40,000 ಕೋಟಿ. ಗುರಿ ಎಂಬ ಪದವನ್ನು ಗಮನಿಸಿ. ಇಷ್ಟು ಕುಡಿಸಲೇಬೇಕು ಎಂದು ವರ್ಷದ ಆರಂಭದಲ್ಲೇ ತೀರ್ಮಾನ. ಮರ ಹೋಯಿತು, ಮರ ಹತ್ತುವವನು ಹೋದ. ಯಾವುದರ ವಿರುದ್ಧ ಮರ ಕಡಿದರೋ ಆ ಆದಾಯ ಮಾತ್ರ ಕುತ್ತಿಗೆಮಟ್ಟ ಬೆಳೆದು ನಿಂತಿದೆ. ಹೆಂಡ ಸರ್ಕಾರಕ್ಕೆ ಒಗ್ಗದ್ದಕ್ಕೆ ಆರೋಗ್ಯದ ಕಾರಣ ಅರ್ಧ ಮಾತ್ರ. ಹೆಂಡವನ್ನು ಒಂದು ಕಾರ್ಖಾನೆಯ ಗೇಟಿನಲ್ಲಿ ನಿಂತು ಎಣಿಸಲಾಗುವುದಿಲ್ಲ. ಅದು ಒಂದು ದಿನಕ್ಕಿಂತ ಹೆಚ್ಚು ಇರುವುದಿಲ್ಲ, ಲಾರಿಗೆ ತುಂಬಿ ಡಿಪೋಗೆ ಕಳಿಸಲಾಗುವುದಿಲ್ಲ. ಟೆಟ್ರಾ ಪ್ಯಾಕನ್ನು ಎಣಿಸಬಹುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ನನಗೆ ಹೇಳಿದವರು ನನ್ನ ಚಿಕ್ಕಮ್ಮ. ಪ್ಯಾಕೆಟ್ ಸಾರಾಯಿಯ ಕಾಲದಲ್ಲಿ ಊರಿನ ಹೆಂಗಸರ ಜೊತೆ ಸಾರಾಯಿ ಅಂಗಡಿಯ ಮುಂದೆ ಕೂತವರು ಅವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಮನೆಯಲ್ಲಿ ಪಾಯಸ ಮಾಡಿದ್ದರು, ನನಗಿನ್ನೂ ನೆನಪಿದೆ. ಆ ಪಾಯಸ ಬಹಳ ದಿನ ಸಿಹಿಯಾಗಿ ಉಳಿಯಲಿಲ್ಲ. ಮರುವರ್ಷ, 2008ರ ಮೇ ತಿಂಗಳಲ್ಲಿ, ಕರ್ನಾಟಕ-ತಮಿಳುನಾಡು ಗಡಿಯ ಊರುಗಳಲ್ಲಿ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆ ಕಳ್ಳಭಟ್ಟಿ ಬರಲಿಲ್ಲ, ಅದರ ಬದಲು ಲೈಸೆನ್ಸಿನ ಜೊತೆ ಅಗ್ಗದ ವಿಸ್ಕಿ ಬಂತು.

ಈಚಲು ಹೆಂಡದ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ಚಿಕ್ಕಮ್ಮ ನಕ್ಕರು. "ನಿಮಗೆ ಹೆಂಡದ ಆಸೆ. ನಮಗೆ ಗಂಡಂದಿರ ಚಿಂತೆ. ಹೆಂಡ ಇದ್ದಾಗ ಏನ್ ಗಂಡಸ್ರು ಹೆಂಡ್ತೀರಿಗೆ ಹೂ ಮುಡಿಸ್ತಿದ್ರಾ? ಆಗ್ಲೂ ಹೊಡೀತಿದ್ರು."

ಇದಕ್ಕೆ ನನ್ನ ಬಳಿ ಜಾಣ ಉತ್ತರವಿಲ್ಲ, ಇರಬಾರದು ಕೂಡ. ಹಳೆಯ ಪಡಖಾನೆಗಳನ್ನು ಜಾನಪದದ ಬಣ್ಣ ಬಳಿದು ಸಿಂಗರಿಸುವ ಸಾಹಿತಿಗಳ ಸಾಲಿಗೆ ನಾನು ಸೇರಲಾರೆ. ಹೆಂಡಕ್ಕೂ ಕಂಟ್ರಾಕ್ಟರುಗಳಿದ್ದರು, ಹರಾಜು ಇತ್ತು. ಮತ್ತೇರಲೆಂದು ಹೆಂಡಕ್ಕೆ ರಾಸಾಯನಿಕ ಬೆರೆಸಿದ್ದೂ ಹೌದು. ಹತ್ತುವ ಜಾತಿಯವನಿಗೆ ಹತ್ತುವುದಷ್ಟೇ, ಲಾಭ ಮೇಲಿನವರದು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವನಿಗೆ ಯಾವ ಪರಿಹಾರವೂ ಇರಲಿಲ್ಲ. ಆದರೆ ಚಿಕ್ಕಮ್ಮ ಇನ್ನೊಂದು ಮಾತನ್ನೂ ಹೇಳಿದರು, ನನ್ನ ವಾದ ನಿಂತಿರುವುದು ಅದರ ಮೇಲೆ: "ಸಾರಾಯಿ ನಿಲ್ಲಿಸಿ ಅಂದ್ವಿ, ಡಬ್ಬಿ ತಂದ್ರು. ಯಾವ್ದು ನಿಲ್ಬೇಕು, ಯಾವ್ದು ಬರ್ಬೇಕು ಅಂತ ನಮ್ಮನ್ನ ಯಾರೂ ಕೇಳ್ಲಿಲ್ಲ."

ಯಾರೂ ಕೇಳಲಿಲ್ಲ. ಹತ್ತುವ ಅಜ್ಜನನ್ನೂ ಕೇಳಲಿಲ್ಲ, ಅಳುವ ಚಿಕ್ಕಮ್ಮನನ್ನೂ ಕೇಳಲಿಲ್ಲ. ನಿಷೇಧ ಮಾಡಿದವರಿಗೂ ಲೈಸೆನ್ಸ್ ಕೊಟ್ಟವರಿಗೂ ಈ ಇಬ್ಬರೂ ಬೇಕಾಗಲಿಲ್ಲ. ಕೇಳಿಸಿಕೊಳ್ಳಬೇಕೆಂದು ಹೊರಟ ರೈತರಿಗೆ ಏನಾಯಿತು ಎಂಬುದೂ ನಮ್ಮ ನೆನಪಿನಲ್ಲಿರಬೇಕು. ನುಸಿರೋಗದಿಂದ ತೆಂಗಿನ ಫಸಲು ನೆಲಕಚ್ಚಿದಾಗ, ಕಾಯಿ ಇಲ್ಲದಿದ್ದರೆ ನೀರಾ ಇಳಿಸಲಾದರೂ ಬಿಡಿ ಎಂದು ತೆಂಗು ಬೆಳೆಗಾರರು ಚಳವಳಿ ಹೂಡಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಆ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿ ಇಬ್ಬರು ರೈತರು ಸತ್ತರು. ಅಮಲೇ ಇಲ್ಲದ ನೀರಾಕ್ಕೆ ಗುಂಡು. ಅದಾದ ಹತ್ತೇ ವರ್ಷಕ್ಕೆ ಬೆಂಗಳೂರಿನ ಮಹಡಿಗಳ ಮೇಲೆ ಸ್ಟೀಲ್ ಟ್ಯಾಂಕುಗಳು ಏರಿದವು, ರಿಬ್ಬನ್ ಕತ್ತರಿಸಿ.

ಕುಡಿಯುವ ಬಡವನನ್ನು ನಾವು ಸಾಹಿತ್ಯದಲ್ಲಿ ಎಷ್ಟು ಪ್ರೀತಿಸುತ್ತೇವೆ ನೋಡಿ. ಹನ್ನೆರಡನೇ ಶತಮಾನದ ಹೆಂಡದ ಮಾರಯ್ಯ ಹೆಂಡ ಮಾರುವ ಕಸುಬಿನಿಂದಲೇ ಬಂದ ವಚನಕಾರ. ತನ್ನ ಕಸುಬಿನ ಮಾತುಗಳಲ್ಲೇ ಅನುಭಾವ ಹೇಳಿದ ಅವನನ್ನು ಶರಣರೆಂದು ಪಠ್ಯದಲ್ಲಿ ಓದುತ್ತೇವೆ. ಜಿ.ಪಿ. ರಾಜರತ್ನಂ ಅವರ ಹೆಂಡಕುಡುಕ ರತ್ನನನ್ನು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ ಕೇಳಿ ಚಪ್ಪಾಳೆ ತಟ್ಟದ ಕನ್ನಡ ಸಭೆ ಇಲ್ಲ. ಕಾಲೇಜಿನ ಕಾರ್ಯಕ್ರಮದಲ್ಲಿ ರತ್ನನ ಪದ ಹಾಡಿ ಬಹುಮಾನ ಪಡೆದವರು ಈ ಲೇಖನ ಓದುವವರಲ್ಲೇ ಇರಬಹುದು. ಆ ರತ್ನ ಇವತ್ತು ಹುಟ್ಟಿದ್ದರೆ ಬರಗೂರಿನ ಜಾಲರಿಯ ಕಿಂಡಿಯ ಮುಂದೆ ನಿಂತಿರುತ್ತಿದ್ದ. ಅವನ ಬಾಯಲ್ಲಿ ಪದ ಹುಟ್ಟುವಷ್ಟು ಹೊತ್ತು ಆ ಪ್ಯಾಕು ಅವನನ್ನು ಎಚ್ಚರವಾಗಿ ಇಡುತ್ತಿರಲಿಲ್ಲ. ವೇದಿಕೆಯ ರತ್ನ ನಮ್ಮವನು, ಗೋಡೆಗೊರಗಿದ ರತ್ನ ಬೀದಿಯ ಕುಡುಕ.

ಬೇರೆ ಕಡೆ ಏನು ಮಾಡಿದ್ದಾರೆ? ಗೋವಾದವರು ತಮ್ಮ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದರು. ಕೇರಳದಲ್ಲಿ ಕಳ್ಳಿನ ಷಾಪುಗಳು ಮರಗೆಣಸು, ಮೀನುಸಾರಿನ ಜೊತೆ ಪ್ರವಾಸಿಗಳ ಊಟದ ಮನೆಗಳೇ ಆಗಿವೆ, ಅಲ್ಲಿ ಹತ್ತುವವರಿಗೆ ಕ್ಷೇಮನಿಧಿ ಇದೆ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮೈಕ್ರೋಬ್ರೂವರಿಗಳ ಮೆನುವಿನಲ್ಲಿ ಬೆಲ್ಜಿಯಂ ಹೆಸರಿನ ಬಿಯರ್ ಕುಡಿದು ಆ ಪರಂಪರೆಗೆ ನಾವೂ ಗೌರವ ಸಲ್ಲಿಸುತ್ತೇವೆ. ನಮ್ಮ ಹಳ್ಳದ ದಂಡೆಯ ಪರಂಪರೆಯ ಮೇಲೆ ಎಫ್‌ಐಆರ್ ಇದೆ.

ಕುಡಿತವನ್ನು ತಡೆಯುವ ದಾರಿಯನ್ನೂ ಬೇರೆಯವರಿಂದ ಕಲಿಯಬಹುದು. ಮಹಾರಾಷ್ಟ್ರದಲ್ಲಿ ಒಂದು ಊರಿನ ಸಾಕಷ್ಟು ಹೆಂಗಸರು ಬೇಡಿಕೆ ಇಟ್ಟರೆ ಮದ್ಯದಂಗಡಿಯ ಬಗ್ಗೆ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡು ಚಿತ್ರ, ನಿಂತ ಬಾಟಲಿ ಮತ್ತು ಅಡ್ಡ ಬಿದ್ದ ಬಾಟಲಿ. ಅಡ್ಡ ಬಿದ್ದ ಬಾಟಲಿಗೆ ಬಹುಮತ ಬಂದರೆ ಅಂಗಡಿ ಮುಚ್ಚಬೇಕು. ಓದು ಬರದವರಿಗೂ ಅರ್ಥವಾಗುವ ಮತಪತ್ರ. ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು: "ನಿಜವಾ? ನಾವೇ ಒತ್ತಾದಾ?"

ಹಾಗಾಗಿ ನಾನು ಕೇಳುವುದು ಎರಡು, ಎರಡೂ ಒಟ್ಟಿಗೆ. ಮೊದಲನೆಯದು, ಯಾವ ಹಳ್ಳಿಯಲ್ಲೇ ಆಗಲಿ ಮದ್ಯದಂಗಡಿ ತೆರೆಯಬೇಕೋ ಬೇಡವೋ, ಇರುವುದು ಉಳಿಯಬೇಕೋ ಬೇಡವೋ ಎಂಬುದನ್ನು ಆ ಊರಿನ ಹೆಂಗಸರ ಮತ ತೀರ್ಮಾನಿಸಲಿ. ಎರಡನೆಯದು, ಹೆಂಗಸರು ಒಪ್ಪಿದ ಊರಿನಲ್ಲಿ ಹತ್ತುವವರ ಸಹಕಾರ ಸಂಘಕ್ಕೆ ಮಾತ್ರ ಈಚಲು ಇಳಿಸುವ ಹಕ್ಕು ಕೊಡಲಿ. ಕಂಟ್ರಾಕ್ಟರು ಬೇಡ, ಹರಾಜು ಬೇಡ. ಇಷ್ಟು ಮರಕ್ಕೆ ಇಷ್ಟೇ ಎಂಬ ಮಿತಿ ಇರಲಿ, ಬೆರಕೆಯ ಪರೀಕ್ಷೆ ಇರಲಿ, ಹತ್ತುವವನಿಗೆ ವಿಮೆ ಇರಲಿ. ಮೊದಲ ಪಾಲು ನೀರಾಕ್ಕೂ ಬೆಲ್ಲಕ್ಕೂ ಹೋಗಲಿ. ಮದ್ಯ ನಿಷೇಧದ ಕಟ್ಟಾಳು ಗಾಂಧೀಜಿಯೇ ತಾಳೆ ಜಾತಿಯ ಮರಗಳ ಬೆಲ್ಲವನ್ನು ಗ್ರಾಮೋದ್ಯೋಗವಾಗಿ ಬೆಳೆಸಬೇಕೆಂದು ಹೇಳಿದವರು. ಮರ ಕಡಿಯದೆ ಕುಡಿತ ಕಡಿಯುವ ದಾರಿ ಅವರಿಗೆ ಕಂಡಿತ್ತು. ಈಚಲು ಮರಕ್ಕೆ ಬೋರ್‌ವೆಲ್ ಬೇಡ, ಗೊಬ್ಬರ ಬೇಡ. ಮಳೆಯೇ ಬಾರದ ಶಿರಾ, ಪಾವಗಡದ ಹಳ್ಳಗಳಲ್ಲಿ ತಾನಾಗಿ ಬದುಕುವ ಮರ ಅದು. ಗರಿಯಿಂದ ಪೊರಕೆ, ಚಾಪೆ, ಬುಟ್ಟಿ. ಇಂಥ ಮರವನ್ನು ಮೂಲೆಗೆ ತಳ್ಳಿ ಬರಪರಿಹಾರಕ್ಕೆ ಅರ್ಜಿ ಹಾಕುವವರು ನಾವು.

ಸಾಧ್ಯವೇ ಎಂದು ಕೇಳುವವರಿಗೆ: ಸ್ಟೀಲ್ ಟ್ಯಾಂಕಿಗೆ ನಿಯಮ ಬರೆದ ಕೈ ಗಡಿಗೆಗೆ ನಿಯಮ ಬರೆಯಲಾರದೆ?

ಇನ್ನು ನಮ್ಮ ಮಾತು, ಅಂದರೆ ವಾರಾಂತ್ಯದ ಗೆಳೆಯರ ಮಾತು. ಬಿಯರ್ ಕುಡಿಯುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಗೆಳೆಯರ ಜೊತೆ ತಿರುಗುವುದು, ಒಂದು ಮೇಜಿನ ಸುತ್ತ ಕೂತು ಹರಟುವುದು ಬದುಕಿನ ದೊಡ್ಡ ಸುಖಗಳಲ್ಲಿ ಒಂದು. ಆ ಸುಖ ನಮಗೆ ಸುಸಂಸ್ಕೃತವಾಗಿ ಕಾಣುವುದು ನಾವು ಒಳ್ಳೆಯ ಜನ ಎಂಬ ಕಾರಣಕ್ಕಲ್ಲ. ಕೂರಲು ನಮಗೆ ಕುರ್ಚಿ ಇದೆ, ಜೊತೆಗೆ ತಿನ್ನಲು ತಟ್ಟೆ ಇದೆ, ಮನೆಗೆ ಹೋಗಲು ಕ್ಯಾಬ್ ಇದೆ, ನಾಳೆ ಬೆಳಿಗ್ಗೆ ರಜೆ ಇದೆ. ಇದಿಷ್ಟನ್ನು ಕಿತ್ತುಕೊಂಡು ಕೈಗೆ ಒಂದು ಪ್ಯಾಕು ಕೊಟ್ಟು ಗೋಡೆಗೆ ನಿಲ್ಲಿಸಿದರೆ ನಾವೂ ಹಾಗೆಯೇ ಕುಡಿಯುತ್ತೇವೆ. ಇನ್ನೊಬ್ಬರ ಊರಿಗೆ ಹೋದಾಗ ಆ ಊರನ್ನು ನಮ್ಮ ಬಾರ್ ಎಂದುಕೊಳ್ಳುವುದನ್ನು ಬಿಡೋಣ. ಕಗ್ಗಲಡಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಂಥ ಮರದ ಕೆಳಗೆ ಸ್ಪೀಕರ್ ಹಾಕಿ ಬಾಟಲಿ ಬಿಚ್ಚುವವನಿಗೆ ಲೋಕಲ್ ಎಂಬ ಪದ ಉಚ್ಚರಿಸುವ ಯೋಗ್ಯತೆ ಇಲ್ಲ.

ಮೈಕ್ರೋಬ್ರೂವರಿಯ ಮಾಲೀಕರಿಗೂ ಒಂದು ಮಾತು. ನಮ್ಮ ಮಣ್ಣು, ನಮ್ಮ ರೈತ ಎಂದು ಮೆನುವಿನಲ್ಲಿ ಬರೆಯುವುದಾದರೆ ಆ ರೈತನ ಊರು ಯಾವುದು, ಕ್ವಿಂಟಲ್ ರಾಗಿಗೆ ಎಷ್ಟು ಕೊಟ್ಟಿರಿ ಎಂಬುದನ್ನೂ ಬರೆಯಿರಿ. ಬಿಯರಿನ ಕಹಿ ಎಷ್ಟು ಎಂದು ಅಂಕಿ ಹಾಕುತ್ತೀರಲ್ಲ, ಇದನ್ನೂ ಹಾಕಬಹುದು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡವೇ ಅಂತಾರೆ ಎಂಬ ಗಾದೆಯನ್ನು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಜಾಗ ನೋಡಿ ಮನುಷ್ಯನನ್ನು ಅಳೆಯುತ್ತಾರೆ, ಜೋಕೆ ಎಂದು ಅದರ ಅರ್ಥ. ಈಗ ಅಳತೆ ತಲೆಕೆಳಗಾಗಿದೆ. ಗಾಜಿನ ಗೋಡೆಯ ಒಳಗೆ ಕೂತು ಏನು ಕುಡಿದರೂ ಅದು ಸಂಸ್ಕೃತಿ. ಈಚಲ ಮರದ ಕೆಳಗೆ ಕೂರುವವರೇ ಇಲ್ಲ.

ಅವತ್ತು ಸಂಜೆ ಹೊರಡುವಾಗ ಗೆಳೆಯರು ಅಜ್ಜನಿಗೆ ದುಡ್ಡು ಕೊಡಲು ಹೋದರು. ಅಜ್ಜ ತೆಗೆದುಕೊಳ್ಳಲಿಲ್ಲ. "ಮರ ನೋಡಾಕೆ ಯಾರಾರ ದುಡ್ಡು ಕೊಡ್ತಾರೇನಪ್ಪ" ಎಂದರು. ಮನೆಯ ಬಾಗಿಲಲ್ಲಿ ಚಿಕ್ಕಮ್ಮ ಬಿಳಿ ಹಾಳೆ ಹಿಡಿದು ನಿಂತಿದ್ದರು. ಊರೊಳಗೆ ಇನ್ನೊಂದು ಅಂಗಡಿ ಬರುವ ಸುದ್ದಿ ಇದೆಯಂತೆ, ಅಂಗನವಾಡಿಗೆ ಹೋಗುವ ದಾರಿಯಲ್ಲೇ. "ಏನೇನೋ ಬರೀತೀಯಲ್ಲ, ಒಂದ್ ಅರ್ಜಿ ಬರ್ಕೊಡು" ಎಂದರು.

ಗೆಳೆಯರು ಕಾರಿನಲ್ಲಿ ಕಾದರು. ನಾನು ಜಗಲಿಯ ಮೇಲೆ ಕೂತು ಬರೆದೆ. ಹೊಸ ಅಂಗಡಿ ಬೇಡ, ಇರುವ ಅಂಗಡಿಯ ಬಗ್ಗೆ ಹೆಂಗಸರ ಮತ ಕೇಳಬೇಕು ಎಂದು ಬರೆದಾಯಿತು. ಈಚಲು ಮರದ ವಿಷಯವನ್ನೂ ಸೇರಿ‌ಸಲೇ ಎಂದು ಕೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚಿಸಿದರು.

"ಬೆಲ್ಲ ಮಾಡಾಕೆ ಅಂತ ಬರಿ. ಮಿಕ್ಕಿದ್ದು ನಾವು ಸಭೇಲಿ ಮಾತಾಡ್ಕಂತೀವಿ."

ಹಾಗೆಯೇ ಬರೆದೆ. ಕೆಳಗೆ ಮೊದಲ ಸಹಿ ಚಿಕ್ಕಮ್ಮನದು. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಅವರು ಆ ಹಾಳೆ ಹಿಡಿದು ಮೊದಲು ಹೋದದ್ದು ಅಜ್ಜನ ಹೆಂಡತಿಯ ಮನೆ ಬಾಗಿಲಿಗೆ.